ಅಕ್ಕಿಯೊಳಗೆ ಬೋರಲು ಮಲಗಿದ ಚಕ್ರವರ್ತಿ

ಗುರುವಾರ ಮಧ್ಯಾಹ್ನ ಅಡುಗೆಮನೆಯ ಸಿಂಕಿನ ಮುಂದೆ ನಿಂತು ದೇವರ ಸಾಮಾನು ಬೆಳಗುತ್ತಿದ್ದೆ. ಮರುದಿನ ಶ್ರಾವಣದ ಎರಡನೇ ಶುಕ್ರವಾರ. ಒಂದು ಬಟ್ಟಲಲ್ಲಿ ನೆನೆಸಿದ ಹುಣಸೆಹಣ್ಣು, ಇನ್ನೊಂದರಲ್ಲಿ ಉಪ್ಪು. ದೀಪ, ಗಂಟೆ, ಆರತಿತಟ್ಟೆ, ತಾಮ್ರದ ತಂಬಿಗೆ ಒಂದೊಂದಾಗಿ ಮುಖ ತೊಳೆದುಕೊಂಡು ಟೀ ಟವೆಲಿನ ಮೇಲೆ ಸಾಲಾಗಿ ಕೂತಿದ್ದವು. ಕೊನೆಗೆ ಲಕ್ಷ್ಮಿಯ ಪಾಳಿ ಬಂತು.

ನಮ್ಮ ಮನೆಯಲ್ಲಿ ಲಕ್ಷ್ಮಿ ಎಂದರೆ ಮೂರ್ತಿಯಲ್ಲ, ಪಟವೂ ಅಲ್ಲ. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಒಂದು ಬಂಗಾರದ ನಾಣ್ಯ. ಅದರ ಒಂದು ಬದಿಗೆ ಕುರ್ಚಿಯ ಮೇಲೆ ಕೂತ ಹೆಂಗಸು, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಟೊಂಗೆ. ಆ ಟೊಂಗೆ ಕಮಲವೆಂದು ನಮ್ಮತ್ತೆಗೆ ಅವರ ಅತ್ತೆ ಹೇಳಿದ್ದರು. ಇನ್ನೊಂದು ಬದಿಗೆ ಪಕ್ಕಕ್ಕೆ ತಿರುಗಿದ ಗಂಡಸಿನ ಮುಖ. ಹಣೆಯ ಸುತ್ತ ಎಲೆಯ ಪಟ್ಟಿ, ಹಿಂದೆ ಕುತ್ತಿಗೆಯ ಮೇಲೆ ಇಳಿಬಿದ್ದ ದಾರದ ಗಂಟು. ಅದು ಬಾಸಿಂಗ, ಅಂದಮೇಲೆ ಅವನು ಮದುಮಗ, ಅಂದಮೇಲೆ ನಾರಾಯಣ. ಸುತ್ತ ಇದ್ದ ಅಕ್ಷರಗಳನ್ನು ಯಾರೂ ಓದಿರಲಿಲ್ಲ. ದೇವರ ಅಕ್ಷರ ಓದುವುದಕ್ಕೆ ನಾವೇನು ಪಂಡಿತರೇ?

ಪೂಜೆಯ ಪದ್ಧತಿಯೂ ಖಚಿತವಾಗಿತ್ತು. ತಟ್ಟೆ ತುಂಬ ಅಕ್ಕಿ ಹರಡಿ, ಲಕ್ಷ್ಮಿಯನ್ನು ಮೇಲೆ ಮಾಡಿ, ನಾರಾಯಣನನ್ನು ಅಕ್ಕಿಯೊಳಗೆ ಬೋರಲು ಮಲಗಿಸಬೇಕು. ಶ್ರಾವಣ ಬರುವುದು ಚಾತುರ್ಮಾಸದಲ್ಲಿ. ಆಷಾಢದ ಏಕಾದಶಿಗೆ ಮಲಗಿದ ದೇವರು ಕಾರ್ತಿಕದವರೆಗೆ ಏಳುವುದಿಲ್ಲ. ದೀಪಾವಳಿಗೂ ಅವನು ನಿದ್ದೆಯಲ್ಲೇ. ಆದ್ದರಿಂದ ಹುಣಸೆಹಣ್ಣಿನಿಂದ ಉಜ್ಜುವುದು ಲಕ್ಷ್ಮಿಯನ್ನು ಮಾತ್ರ, ನಾರಾಯಣನಿಗೆ ನಾಲ್ಕು ಹನಿ ನೀರು. ಮಲಗಿದವರನ್ನು ಯಾರಾದರೂ ತಿಕ್ಕುತ್ತಾರೆಯೇ?

ಹೀಗೆ ನಾನು ಲಕ್ಷ್ಮಿಯನ್ನು ತಿಕ್ಕುತ್ತಿರುವಾಗ ಕಿಟಕಿಯ ಕಟ್ಟೆಯ ಮೇಲಿದ್ದ ಫೋನು ಹೊಡೆದುಕೊಂಡಿತು. ಮಗಳು. ಗೆಳತಿಯರ ಜೊತೆ ನಗರದೊಳಗಿನ ದೊಡ್ಡ ಮ್ಯೂಸಿಯಮ್ಮಿಗೆ ಹೋಗಿದ್ದಳು. ಹುಣಸೆಯ ಬೆರಳಿನಿಂದಲೇ ಸ್ಪೀಕರ್ ಒತ್ತಿದೆ.

“ಅಮ್ಮಾ, ಆರ್ ಯು ವಾಷಿಂಗ್ ಹರ್? ಸ್ಟಾಪ್. ಪ್ಲೀಸ್ ಸ್ಟಾಪ್!”

ನನ್ನ ಮಗಳಿಗೆ ಹದಿನೇಳು. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಇನ್ನು ಮುಂದೆ ಅವಳ ಮಾತನ್ನು ನಾನೇ ಕನ್ನಡ ಮಾಡಿ ಬರೆಯುತ್ತೇನೆ.

“ಇಲ್ಲಿ ಗಾಜಿನ ಪೆಟ್ಟಿಗೆಯೊಳಗೆ ನಮ್ಮ ಲಕ್ಷ್ಮಿ ಇದ್ದಾಳೆ ಅಮ್ಮಾ. ಅದೇ ಕುರ್ಚಿ, ಅದೇ ಟೊಂಗೆ. ಪಕ್ಕದಲ್ಲಿ ಅದೇ ನಾರಾಯಣ.”

“ಅಯ್ಯ, ಭಾಳ ಛಲೋ ಆತಲ್ಲ! ಇಂಗ್ಲೆಂಡಿನವರೂ ಪೂಜಾ ಮಾಡ್ತಾರೇನು?”

“ಅಲ್ಲಮ್ಮಾ. ಅವನು ರೋಮಿನ ಚಕ್ರವರ್ತಿ. ಇದು ಅವರ ಬಂಗಾರದ ದುಡ್ಡು. ಎರಡು ಸಾವಿರ ವರ್ಷ ಹಳೆಯದು.”

“ಮತ್ತ ಲಕ್ಷ್ಮಿ?”

ಅವಳು ಪೆಟ್ಟಿಗೆಯ ಚೀಟಿ ಓದುತ್ತಿದ್ದಳು ಅಂತ ಕಾಣುತ್ತದೆ. “ಕೂತ ಹೆಂಗಸು ಅಂತ ಬರೆದಿದ್ದಾರೆ.”

ನಲ್ಲಿ ನಿಲ್ಲಿಸಿದೆ. ಕೂತ ಹೆಂಗಸು. ಇಪ್ಪತ್ತು ಶ್ರಾವಣ ನಾನು ಬೆಳಗಿನ ಐದಕ್ಕೆ ಎದ್ದು, ಮಡಿಯುಟ್ಟು, ಹೋಳಿಗೆ ಬೇಯಿಸಿ ನೈವೇದ್ಯ ಮಾಡಿದ್ದು ಒಬ್ಬ ಕೂತ ಹೆಂಗಸಿಗೆ. ಅಷ್ಟು ವರ್ಷಗಳಲ್ಲಿ ಶುಕ್ರವಾರ ಮಧ್ಯಾಹ್ನದೊಳಗೆ ಕೂತವಳು ಅವಳೊಬ್ಬಳೇ.

ಹಜಾರದಲ್ಲಿ ನಮ್ಮತ್ತೆ ಟ್ಯಾಬಿನಲ್ಲಿ ಧಾರಾವಾಹಿ ನೋಡುತ್ತಿದ್ದರು. ಧಾರವಾಡದಲ್ಲಿ ಭಾವನವರ ಮನೆಯಲ್ಲಿ ಇರುವವರು, ಆರು ತಿಂಗಳ ವೀಸಾದ ಮೇಲೆ ನಮ್ಮ ಕೊಲಿಂಡೇಲಿನ ಫ್ಲ್ಯಾಟಿಗೆ ಬಂದಿದ್ದರು. ಇಪ್ಪತ್ತು ವರ್ಷದ ಹಿಂದೆ ನಾವು ಇಂಗ್ಲೆಂಡಿಗೆ ಹೊರಟಾಗ ಲಕ್ಷ್ಮಿಯನ್ನು ನನ್ನ ಉಡಿಯಲ್ಲಿ ಹಾಕಿದವರು ಅವರೇ. ಧಾರಾವಾಹಿಯಲ್ಲಿ ಯಾರೋ ಅಳುತ್ತಿದ್ದರಿಂದ ನಮ್ಮ ಮಾತು ಅವರಿಗೆ ಕೇಳಿಸಲಿಲ್ಲ. ಸಣ್ಣ ಕೃಪೆಗಳನ್ನು ಎಣಿಸಿಡುವ ರೂಢಿ ನನಗಿದೆ. ಅಂದಿನ ಮೊದಲನೆಯದು ಆ ಅಳು.

ನಾನು ನಲ್ಲಿ ಯಾಕೆ ನಿಲ್ಲಿಸಿದೆ ಎಂದು ಹೇಳಬೇಕು, ಇಲ್ಲದಿದ್ದರೆ ಇದೆಲ್ಲ ಒಂದು ನಾಣ್ಯದ ಗಲಾಟೆ ಅನ್ನಿಸಬಹುದು.

ಈ ಮಗಳು ಹನ್ನೊಂದು ವಾರ ಮೊದಲೇ ಹುಟ್ಟಿದವಳು. ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದರು, ಮೈತುಂಬ ವಾಯರು. ಆ ವಾರ್ಡಿನೊಳಗೆ ಹೋಗುವವರು ಬಳೆ, ಉಂಗುರ ಎಲ್ಲ ತೆಗೆದು ಮೊಣಕೈಯವರೆಗೆ ಕೈ ತೊಳೆಯಬೇಕು. ನಾನೂ ತೆಗೆದೆ, ತೊಳೆದೆ. ನಾಣ್ಯವನ್ನು ಮಾತ್ರ ಕರವಸ್ತ್ರದ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ನಮ್ಮನೆಯವರು ಆಸ್ಪತ್ರೆಯಲ್ಲಿ ಅರಿವಳಿಕೆಯ ಡಾಕ್ಟರು. ನೋಡಿಯೂ ನೋಡದಂತೆ ಬೇರೆ ಕಡೆ ಮುಖ ತಿರುಗಿಸಿದರು. ಆ ಗಂಟನ್ನು ಹಿಡಿದುಕೊಂಡು ನಾನು ಬೇಡಿದೆ: ತಾಯಿ, ಈ ಕೂಸು ಉಳಿಯಲಿ. ಉಳಿದರೆ ಶ್ರಾವಣದ ಪ್ರತಿ ಶುಕ್ರವಾರ ನಿನಗೆ ಐದು ಹೂರಣದಾರತಿ. ಹೂರಣದಾರತಿ ಎಂದರೆ ಹೋಳಿಗೆಯ ಹೂರಣವನ್ನೇ ಪುಟ್ಟ ಹಣತೆಯಾಗಿ ತಿದ್ದಿ, ತುಪ್ಪದ ಬತ್ತಿಯಿಟ್ಟು ಬೆಳಗುವುದು. ನಮ್ಮ ಕಡೆಯವರಿಗೆ ಅದಕ್ಕಿಂತ ದೊಡ್ಡ ಹರಕೆ ಗೊತ್ತಿಲ್ಲ.

ಕೂಸು ಉಳಿಯಿತು. ಹದಿನೇಳು ವರ್ಷ ನಾನು ಹರಕೆ ತಪ್ಪಿಸಿಲ್ಲ. ಆರತಿಯ ದಿನ ಹಜಾರದ ಸ್ಮೋಕ್ ಅಲಾರಮ್ಮಿಗೆ ಶವರ್ ಕ್ಯಾಪ್ ತೊಡಿಸುತ್ತೇನೆ. ದೇವರು ಕ್ಷಮಿಸುತ್ತಾನೆ, ಬಿಲ್ಡಿಂಗ್ ಮ್ಯಾನೇಜರು ಕ್ಷಮಿಸುವುದಿಲ್ಲ. ಈಗ ಅದೇ ಕೂಸು ಫೋನು ಮಾಡಿ, ಅಮ್ಮಾ, ನೀನು ಬೇಡಿಕೊಂಡ ವಿಳಾಸದಲ್ಲಿ ಲಕ್ಷ್ಮಿ ಇರಲೇ ಇಲ್ಲ ಅನ್ನುತ್ತಿದೆ. ದೇವರಿಗೆ ಹಾಸ್ಯಪ್ರಜ್ಞೆ ಇಲ್ಲ ಎನ್ನುವವರು ನಮ್ಮ ಮನೆಗೆ ಬಂದು ಹೋಗಬೇಕು.

ಸಂಜೆ ನಮ್ಮನೆಯವರಿಗೆ ಹೇಳಿದೆ. ಅವರ ಮುಖ ನೋಡಬೇಕಿತ್ತು! ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ನಾನು ಹೇಳಿದ ಯಾವ ಮಾತಿಗೂ ಅವರು ಅಷ್ಟು ಅರಳಿರಲಿಲ್ಲ. ನಾಣ್ಯವನ್ನು ದೀಪದ ಕೆಳಗೆ ಹಿಡಿದರು, ಫೋನಿನಲ್ಲಿ ಎಂಟು ಫೋಟೋ ತೆಗೆದರು, ರಾತ್ರಿ ಊಟಕ್ಕೆ ಮೊದಲೇ ಮ್ಯೂಸಿಯಮ್ಮಿಗೆ ಇಮೇಲ್ ಬರೆದರು.

“ಅತ್ಯಾಗ ಹೇಳಬ್ಯಾಡ್ರಿ,” ಅಂದೆ. “ನಲವತ್ತು ವರ್ಷ ಪೂಜಾ ಮಾಡ್ಯಾರ.”

“ನಾ ಎಲ್ಲಾ ಹೇಳೂದಿಲ್ಲ. ಹಳೇದು, ತಜ್ಞರು ನೋಡಬೇಕಂತ ಅಷ್ಟ ಅಂತೀನಿ.”

ಅವರು ಅಷ್ಟೇ ಹೇಳಿದರು. ಅರ್ಧ ಅರಿವಳಿಕೆ ಕೊಡುವುದರಲ್ಲಿ ಅವರ ಕೈ ಪಳಗಿದೆ.

ಮರುದಿನ ಶುಕ್ರವಾರ ಪೂಜೆಗೆ ಕೂತೆ. ಅಕ್ಕಿ ಹರಡಿದೆ, ನಾಣ್ಯ ಇಟ್ಟೆ, ಉಂಗುರಬೆರಳಿಗೆ ಕುಂಕುಮ ತೆಗೆದುಕೊಂಡೆ. ಬಾಯಲ್ಲಿ ‘ತಾಯಿ’ ಅನ್ನುವ ಮಾತು ಬರಲಿಲ್ಲ. ‘ಕೂತ ಹೆಂಗಸೇ’ ಎಂದು ಕರೆಯಲಾಗುತ್ತದೆಯೇ? ಐದು ಆರತಿ ಹಚ್ಚಿದೆ, ಬೆಳಗಿದೆ, ಏನೂ ಬೇಡಲಿಲ್ಲ. ಬೇಡದೆ ಎದ್ದ ಪೂಜೆ ಅದೊಂದೇ. ಹಿಂದೆ ಕೂತಿದ್ದ ಅತ್ತೆ, “ಇವತ್ತ ಭಾಳ ಲಗೂ ಮುಗೀತಲ್ಲ?” ಅಂದರು.

“ಗ್ಯಾಸಿನ ಮ್ಯಾಲೆ ಅನ್ನ ಇಟ್ಟೀನ್ರಿ,” ಅಂದೆ. ನಮ್ಮ ಫ್ಲ್ಯಾಟಿನಲ್ಲಿ ಗ್ಯಾಸೇ ಇಲ್ಲ, ಎಲ್ಲ ಕರೆಂಟಿನ ಒಲೆ. ಅವರು ಆರತಿ ಕಣ್ಣಿಗೆ ಒತ್ತಿಕೊಂಡು ಎದ್ದರು.

ಮುಂದಿನ ಮಂಗಳವಾರಕ್ಕೆ ಮ್ಯೂಸಿಯಮ್ಮಿನವರು ಸಮಯ ಕೊಟ್ಟರು. ಗಂಡ, ಮಗಳು, ನಾನು ಮೂವರೇ ಹೋಗುವುದೆಂದು ಲೆಕ್ಕ ಹಾಕಿದ್ದೆವು. ಬಾಗಿಲ ಹತ್ತಿರ ಅತ್ತೆ ಇಳಕಲ್ ಸೀರೆ, ಮೇಲೆ ನಮ್ಮನೆಯವರ ಹಳೆಯ ಉಣ್ಣೆ ಸ್ವೆಟರು, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡು ನಿಂತಿದ್ದರು.

“ಅವ್ವಾ, ನೀ ಯಾಕ? ಭಾಳ ನಡೀಬೇಕಾಗ್ತದ,” ಅಂದರು ಮಗ.

“ಲಕ್ಷ್ಮೀನ ಒಬ್ಬಾಕಿನ್ನ ಕಳಸ್ತಾರೇನೋ ಮನೀ ಹೊರಗ? ನಿನಗ ಹಳೇ ಬಂಗಾರ ಕಾಣಸ್ತದ. ಅಕಿಗೆ ಮನೀ ಹೆಂಗಸೂರು ಜೋಡೀಲೆ ಬೇಕು.”

ಸ್ಟೀಲಿನ ಡಬ್ಬಿಯಲ್ಲಿ ಅಕ್ಕಿ ತುಂಬಿ, ಅದರೊಳಗೆ ನಾಣ್ಯವನ್ನು ಯಥಾಪ್ರಕಾರ ಮಲಗಿಸಿ, ಡಬ್ಬಿಯನ್ನು ಕೈಚೀಲದಲ್ಲಿಟ್ಟು ಚೀಲವನ್ನು ಎದೆಗೆ ಅಪ್ಪಿಕೊಂಡರು. ಲಿಫ್ಟು ಕೆಟ್ಟಿರಲಿಲ್ಲ. ನಾರ್ದರ್ನ್ ಲೈನಿನ ರೈಲಿನಲ್ಲಿ ಅವರಿಗೆ ಸೀಟು ಸಿಕ್ಕಿತು. ಎರಡು ಕೃಪೆ.

ಮ್ಯೂಸಿಯಮ್ಮಿನ ಬಾಗಿಲಲ್ಲಿ ಚೀಲ ತಪಾಸಣೆ. ಕಾವಲಿನವನು ಡಬ್ಬಿ ತೆರೆದು ನೋಡಿದ. ಅಕ್ಕಿ. ಬೆರಳಿನಿಂದ ಅಕ್ಕಿ ಸರಿಸಬೇಕೋ ಬೇಡವೋ ಎಂದು ಅನುಮಾನಿಸಿದ. “ಲಂಚ್?” ಎಂದು ಕೇಳಿದ.

ಅತ್ತೆ ನನ್ನ ಕಡೆ ತಿರುಗಿದರು. “ಏನಂತಾನ?”

“ಊಟಾ ಏನಂತ ಕೇಳ್ತಾನ್ರಿ.”

“ಹಸೀ ಅಕ್ಕಿ ತಿನ್ನೂ ಹಂಗ ಕಾಣಸ್ತೀನೇನು ನಾ?”

ನಾಣ್ಯ ನೋಡುವ ತಜ್ಞೆ ಚಿಕ್ಕ ವಯಸ್ಸಿನವಳು, ಕೂದಲು ಗಂಟು ಹಾಕಿ ಅದಕ್ಕೊಂದು ಪೆನ್ಸಿಲ್ ಸಿಕ್ಕಿಸಿದ್ದಳು. ಮೇಜಿನ ಮೇಲೆ ಮೆತ್ತನೆಯ ಬಟ್ಟೆ, ಒಂದು ದೀಪ, ಕಣ್ಣಿಗೆ ಹಿಡಿಯುವ ಭೂತಗನ್ನಡಿ. ಡಬ್ಬಿ ತೆರೆದಾಗ ಅವಳು ನಗಲಿಲ್ಲ. ಅದಕ್ಕೇ ನನಗೆ ಅವಳ ಮೇಲೆ ವಿಶ್ವಾಸ ಬಂತು. ನಾಣ್ಯದ ಅಂಚು ಹಿಡಿದು ಎತ್ತಿ, ಮೊದಲು ಗಂಡಸಿನ ಮುಖವನ್ನು ಮೇಲೆ ಮಾಡಿ ಇಟ್ಟಳು.

“ಮಲಗಿದಾಂವನ್ನ ಯಾಕ ಎಬ್ಬಸ್ತಾಳ?” ಅಂದರು ಅತ್ತೆ, ನನ್ನ ಕಿವಿಯಲ್ಲಿ ಎಂದು ಅವರು ತಿಳಿದಿದ್ದರು. ಕೋಣೆಗೆಲ್ಲ ಕೇಳಿಸಿತು.

ನಾಣ್ಯ ಖರೇ ಅಂತ ತಜ್ಞೆ ಹೇಳಿದಳು. ರೋಮಿನದೇ, ಬಂಗಾರದ್ದೇ. ಅವರಿಗೆ ಮುಖವೇ ಮುಂಬದಿಯಂತೆ. ಲಕ್ಷ್ಮಿ ಇರುವುದು ಹಿಂಬದಿ. ತಲೆಯ ಮೇಲಿನದು ಬಾಸಿಂಗವಲ್ಲ, ಗೆದ್ದವನು ಧರಿಸುವ ಎಲೆಯ ಕಿರೀಟ. ಸುತ್ತ ಇರುವ ಅಕ್ಷರಗಳಲ್ಲಿ ಅವನ ಹೆಸರು, ಮತ್ತು ಅವನು ದೇವರ ಮಗ ಎನ್ನುವ ಮಾತು. ಅವನನ್ನು ದತ್ತು ತೆಗೆದುಕೊಂಡ ತಂದೆ ತೀರಿಕೊಂಡ ಮೇಲೆ ದೇವರೆಂದು ಘೋಷಿಸಿದ್ದರಂತೆ.

ಒಂದೊಂದನ್ನೂ ನಾನು ಅತ್ತೆಗೆ ಕನ್ನಡದಲ್ಲಿ ಹೇಳುತ್ತಾ ಹೋಗಬೇಕಿತ್ತು. ನಾರಾಯಣ ಹೋಗಿ ಚಕ್ರವರ್ತಿಯಾದ ಸುದ್ದಿಯನ್ನು ಹೇಗೆ ಹೇಳಲಿ? ಹೇಳಿದೆ. ಅತ್ತೆ ದೀಪದ ಬೆಳಕಿನಲ್ಲಿ ಆ ಮುಖ ನೋಡಿದರು.

“ದೇವರ ಮಗ ಅಂತ ತಾನ ಬರಸ್ಕೊಂಡಾನ?”

“ಹೂಂನ್ರಿ.”

“ನಮ್ಮ ಓಣ್ಯಾಗೂ ಹಾಕಸ್ತಾರ. ಹುಟ್ಟಿದ ದಿನಕ್ಕ ಫ್ಲೆಕ್ಸು. ದೊಡ್ಡ ಫೋಟೋ ತನ್ನದು, ಸುತ್ತಾ ಅಕ್ಷರ.”

ಇದನ್ನು ಮಗಳು ಇಂಗ್ಲಿಷ್ ಮಾಡಿ ತಜ್ಞೆಗೆ ಹೇಳಿದಳು. ಅವಳು ಪೆನ್ಸಿಲು ತೆಗೆದು, “ಅದೇ, ಅದೇ,” ಅಂದಳು. ಚಕ್ರವರ್ತಿಯನ್ನು ಜನ್ಮದಲ್ಲಿ ನೋಡದವರೂ ಅವನ ಮುಖ ಗುರುತಿಸಬೇಕೆಂದು ಇದನ್ನು ಲೋಕವೆಲ್ಲ ಕಳಿಸುತ್ತಿದ್ದರಂತೆ. ಎಪ್ಪತ್ತು ದಾಟಿದರೂ ನಾಣ್ಯದಲ್ಲಿ ಅವನಿಗೆ ವಯಸ್ಸಾಗಲಿಲ್ಲವಂತೆ. ನಾನು ನಮ್ಮನೆಯವರ ಕೊರಳಲ್ಲಿ ತೂಗುತ್ತಿದ್ದ ಆಸ್ಪತ್ರೆಯ ಗುರುತಿನ ಕಾರ್ಡು ನೋಡಿದೆ. ರಜೆಯ ದಿನವೂ ಅದನ್ನು ತೆಗೆಯಲು ಮರೆಯುತ್ತಾರೆ. ಅದರಲ್ಲಿ ಇನ್ನೂ ತಲೆತುಂಬ ಕೂದಲಿತ್ತು.

ಕೆನ್ನೆಯ ಮೇಲೊಂದು ಆಳವಾದ ಗೀರಿತ್ತು. ಅದು ಭಾರತದಲ್ಲೇ ಯಾರೋ ಉಳಿ ಹಾಕಿ ಮಾಡಿದ್ದು, ಅಲ್ಲಿ ಸಿಗುವ ಇಂಥ ನಾಣ್ಯಗಳ ಮೇಲೆ ಹಲವು ಸಲ ನೋಡಿದ್ದೇನೆ ಅಂದಳು ತಜ್ಞೆ. ಒಳಗೂ ಬಂಗಾರವೇ ಹೌದೋ ಅಲ್ಲವೋ ಎಂದು ನೋಡಲಿಕ್ಕಿರಬಹುದು, ಇಲ್ಲವೇ ಇವನ ರಾಜ್ಯಭಾರ ಇಲ್ಲಿ ನಡೆಯುವುದಿಲ್ಲ, ಇದು ಬರೀ ಬಂಗಾರ ಎಂದು ಹೇಳಲಿಕ್ಕಿರಬಹುದು.

“ಅಕ್ಕಸಾಲಿ ಅಕ್ಕನ ಬಂಗಾರಾನೂ ಬಿಡೂದಿಲ್ಲ,” ಅಂದರು ಅತ್ತೆ. “ಇಂವನ್ನ ಬಿಡ್ತಾನೇನು?”

ಇಂಥ ಬಂಗಾರವೆಲ್ಲ ನಮ್ಮ ಕಡೆಗೆ ಹೋದದ್ದು ಹೆಚ್ಚಾಗಿ ಕಾಳುಮೆಣಸಿಗಂತೆ. ಹಡಗು ತುಂಬ ಬಂಗಾರ ಬಂದು ಹಡಗು ತುಂಬ ಮೆಣಸು ಹೋಗುತ್ತಿತ್ತು. ಅದೇ ಮೆಣಸನ್ನು ನಾನೀಗ ವೆಂಬ್ಲಿಗೆ ಹೋಗಿ ಈಲಿಂಗ್ ರೋಡಿನ ಅಂಗಡಿಯಲ್ಲಿ ಪಾಕೀಟು ಲೆಕ್ಕದಲ್ಲಿ ತರುತ್ತೇನೆ. ಅಂಗಡಿಯವನು ನನಗೆ ಯಾವ ಚಕ್ರವರ್ತಿಯನ್ನೂ ಚಿಲ್ಲರೆ ಕೊಡುವುದಿಲ್ಲ.

ಮುಂದೆ ಅವಳು ಮೆಲ್ಲಗೆ ಕೇಳಿದಳು: “ಇದು ನಿಮ್ಮ ಮನೆಗೆ ಹೇಗೆ ಬಂತು? ಕಾಗದಪತ್ರ ಏನಾದರೂ?”

ನಮ್ಮನೆಯವರಿಗೆ ಕೆಮ್ಮು ಬಂತು. ಅತ್ತೆಗೆ ನಾನು ಪ್ರಶ್ನೆ ಹೇಳಿದೆ.

“ಲಕ್ಷ್ಮಿ ಮನೀಗೆ ಬಂದ್ರ, ನೀ ಹೆಂಗ ಬಂದಿ ಅಂತ ಯಾರರೆ ಕೇಳ್ತಾರೇನು? ಬಾ ತಾಯಿ ಅಂತಾರ. ನಮ್ಮ ಅತ್ತೀಗೆ ಅವರ ಅತ್ತಿ ಕೊಟ್ರು. ಬರಕೋ ಅನ್ನು.”

ತಜ್ಞೆ ಬರೆದುಕೊಂಡಳು. ಆಮೇಲೆ ನಾಣ್ಯವನ್ನು ತಿರುಗಿಸಿದಳು, ಭೂತಗನ್ನಡಿ ಹಿಡಿದಳು, ಹುಬ್ಬು ಗಂಟಿಕ್ಕಿದಳು. ಮತ್ತೆ ಆ ಬದಿ, ಮತ್ತೆ ಈ ಬದಿ. ಇಂಥದ್ದನ್ನು ನೋಡಿಲ್ಲ ಅಂದಳು. ದುಡ್ಡು ಕೈಯಿಂದ ಕೈಗೆ ಓಡಾಡಿದರೆ ಎರಡೂ ಬದಿ ಹೆಚ್ಚುಕಡಿಮೆ ಒಂದೇ ಹಾಗೆ ಸವೆಯಬೇಕು. ಇಲ್ಲಿ ಆ ಗೀರೊಂದು ಬಿಟ್ಟರೆ ಚಕ್ರವರ್ತಿ ನಿನ್ನೆ ಟಂಕಸಾಲೆಯಿಂದ ಬಂದ ಹಾಗಿದ್ದಾನೆ, ಹೆಂಗಸಿನ ಮುಖ ಮಾತ್ರ ಪೂರ್ತಿ ನುಣುಪಾಗಿದೆ. ಕಣ್ಣಿಲ್ಲ, ಮೂಗಿಲ್ಲ. “ಏನಾಯಿತು ಇವಳಿಗೆ?”

ಆ ಕೋಣೆಯಲ್ಲಿ ಉತ್ತರ ಗೊತ್ತಿದ್ದವರು ಇಬ್ಬರೇ. ಅತ್ತೆ ನನ್ನ ಕಡೆ ನೋಡಿದರು, ನಾನು ಅತ್ತೆಯ ಕಡೆ. ನಾನು ಬಲಗೈಯ ಉಂಗುರಬೆರಳು ಎತ್ತಿ ತೋರಿಸಿದೆ. ಕುಂಕುಮದ ಬೆರಳು. ಹುಣಸೆಹಣ್ಣಿನ ಸಂಗತಿಯನ್ನು ಮಗಳು ಹೇಳಿದಳು, ಸ್ವಲ್ಪ ನಾಚಿಕೆಯಿಂದ. ಅಕ್ಕಿಯ ಸಂಗತಿ, ಚಾತುರ್ಮಾಸದ ನಿದ್ದೆಯ ಸಂಗತಿ, ಎಲ್ಲ ಹೇಳಿದಳು. ಹುಟ್ಟಿದಾಗಿನಿಂದ ಅವಳು ಪೂಜೆಯ ಹೊತ್ತಿಗೆ ಫೋನು ನೋಡುತ್ತಾ ಕೂತಿರುತ್ತಾಳೆ ಎಂದೇ ನಾನು ತಿಳಿದಿದ್ದೆ.

ಲೋಕವೆಲ್ಲ ತನ್ನ ಮುಖ ನೋಡಲಿ ಎಂದು ಬಂಗಾರದ ಮೇಲೆ ಒತ್ತಿಸಿಕೊಂಡ ಮನುಷ್ಯ, ನಮ್ಮ ಮನೆಯಲ್ಲಿ ತಲೆಮಾರುಗಟ್ಟಲೆ ಅಕ್ಕಿಯೊಳಗೆ ಮೂಗು ತೂರಿಸಿಕೊಂಡು ಮಲಗಿದ್ದ. ಅದಕ್ಕೇ ಅವನ ಮೂಗು ನೆಟ್ಟಗೆ ಉಳಿದಿತ್ತು. ಮುಖ ಹೋದದ್ದು ನಾವು ಪ್ರೀತಿ ಮಾಡಿದವಳದ್ದು.

ಇನ್ನು ಕೇಳದೆ ಇರಲಾಗಲಿಲ್ಲ. “ಅವಳು ಯಾರು?” ಎಂದು ನಾನೇ ಇಂಗ್ಲಿಷಿನಲ್ಲಿ ಕೇಳಿದೆ.

ಖಚಿತವಾಗಿ ಯಾರೂ ಹೇಳಲಾರರು ಅಂದಳು ತಜ್ಞೆ. ಶಾಂತಿ ಎಂಬ ದೇವತೆ ಇರಬಹುದು. ಆದರೆ ತುಂಬ ಜನ ತಿಳಿಯುವುದು, ಅದು ಚಕ್ರವರ್ತಿಯ ತಾಯಿ, ಅವಳನ್ನೇ ದೇವತೆಯ ಹಾಗೆ ಕೂಡಿಸಿದ್ದಾರೆ ಎಂದು.

“ಏನಂದ್ಲು?” ಅಂದರು ಅತ್ತೆ.

“ಶಾಂತಿ ಅಂತ ಒಬ್ಬ ದೇವತಿ ಅಂತರಿ, ಅತ್ಯಾ.” ಸುಳ್ಳಲ್ಲ. ಅರ್ಧ. ಅರ್ಧ ಅರಿವಳಿಕೆ ಕೊಡುವುದನ್ನು ನಾನೂ ಕಲಿತಿದ್ದೆ.

“ಮದರ್ ಅಂದ್ಲಲ್ಲ?”

“ಅದು...”

“ಮದರ್ ಅಂದ್ರ ನನಗ ತಿಳಿಯೂದಿಲ್ಲೇನು? ಈ ದೇಶಕ್ಕ ಬಂದಾಗೊಮ್ಮೆ ಕಂಡಕಂಡವರಿಗೆಲ್ಲಾ ‘ಮೈ ಮದರ್-ಇನ್-ಲಾ’ ಅಂತ ತೋರಸ್ತೀಯಲ್ಲ. ಇನ್-ಲಾ ಅಂದ್ಲೋ ಬರೇ ಮದರ್ ಅಂದ್ಲೋ?”

“ಬರೇ ಮದರ್ ರೀ. ಆ ರಾಜಾನ ತಾಯಿ.”

ಅತ್ತೆ ನಾಣ್ಯದ ಕಡೆ ಬಗ್ಗಿದರು. ನಾನು ಅವರ ಬೆನ್ನಿನ ಮೇಲೆ ಕೈ ಇಟ್ಟೆ, ಬಿದ್ದರೆ ಹಿಡಿಯಲಿಕ್ಕೆ. ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಅಂದುಕೊಂಡೆ. ನೋಡಿದರೆ ನಗುತ್ತಿದ್ದರು.

“ಅಂದ್ರ ಅತ್ತಿ! ಅಂವಗ ಹೆಂಡ್ತಿ ಇದ್ಲಲ್ಲ? ಅಕೀಗೆ ಇಕಿ ಅತ್ತಿ ಅಲ್ಲೇನು? ಕೇಳ್ದಿ? ಇಪ್ಪತ್ತ ವರ್ಷ ನೀ ಪೂಜಾ ಮಾಡಿದ್ದು ಅತ್ತೀನ್ನ!” ಕಣ್ಣೊರೆಸಿಕೊಂಡರು. “ಮನೀಯಾಗ ಇದ್ದಾಕಿನ್ನ ಬಿಟ್ಟು ರೋಮಿನಾಕಿನ್ನ.”

ನಾನೂ ನಕ್ಕೆ. ನಗದೆ ಏನು ಮಾಡುವುದು? ಸಣ್ಣವಳಿದ್ದಾಗ ಒಳ್ಳೆಯ ಅತ್ತೆಮನೆ ಸಿಗಲೆಂದು ಶುಕ್ರವಾರ ಮಾಡು ಅನ್ನುತ್ತಿದ್ದರು. ಯಾರ ಅತ್ತೆಮನೆ ಎಂದು ನಾವು ಕೇಳಿಕೊಂಡಿರಲಿಲ್ಲ.

ನಮ್ಮನೆಯವರು ಸಂಗತಿ ಇಲ್ಲಿಗೆ ಮುಗಿಸಬಹುದಿತ್ತು. ವಿದ್ವಾಂಸರ ಹಾಗೆ ಕುರ್ಚಿ ಎಳೆದುಕೊಂಡು, ತಾಯಿ-ಮಗನ ಸಂಬಂಧ ಹೇಗಿತ್ತು ಎಂದು ಕೇಳಿದರು. ತಜ್ಞೆ, ಅಷ್ಟಕ್ಕಷ್ಟೇ ಅಂದಳು. ತಾಯಿ ಬಹಳ ಜೋರು. ಮಗ ಕೊನೆಗೆ ರಾಜಧಾನಿಯನ್ನೇ ಬಿಟ್ಟು ಒಂದು ದ್ವೀಪಕ್ಕೆ ಹೋಗಿ ಕೂತ, ಅವಳಿಂದ ದೂರ ಇರಲಿಕ್ಕೇ ಹೋದ ಎಂದು ಕೆಲವರು ಹೇಳುತ್ತಾರೆ ಅಂದಳು.

“ಏನಂತಾಳ?”

“ಮಗ ಒಂದು ದ್ವೀಪಕ್ಕ ಹೋಗಿದ್ನಂತ್ರಿ. ಹವಾ ಬದಲಿಗೆ.”

ಅತ್ತೆ ಮಗನ ಕಡೆ ತಿರುಗಿದರು. “ಯಾಕೋ, ಈ ಇಂಗ್ಲೆಂಡೂ ದ್ವೀಪ ಅಲ್ಲೇನು?”

ಮಂದಿಯನ್ನು ಮಲಗಿಸುವುದನ್ನೇ ಕೆಲಸ ಮಾಡಿಕೊಂಡ ಮನುಷ್ಯ ಅಷ್ಟು ಸಂಪೂರ್ಣವಾಗಿ ಎಚ್ಚರಗೊಂಡದ್ದನ್ನು ನಾನು ಕಂಡಿಲ್ಲ.

“ಅಂವ ತಪ್ಪಿಸಿಕೊಂಡ, ಅವರವ್ವಗ ವೀಸಾ ಸಿಗ್ಲಿಲ್ಲ ಕಾಣಸ್ತದ,” ಅಂದರು ಅತ್ತೆ. ಎದ್ದು ಸೆರಗು ಸರಿಮಾಡಿಕೊಂಡು ನಾಣ್ಯವನ್ನು ತಾವೇ ಡಬ್ಬಿಯೊಳಗೆ ಮಲಗಿಸಿದರು. ಹೊರಡುವಾಗ ತಜ್ಞೆ ಒಂದು ಮಾತು ಹೇಳಿದಳು: ತಿಕ್ಕಬೇಡಿ, ಹುಣಸೆಹಣ್ಣು ಬೇಡ, ಇದನ್ನು ಮುಟ್ಟದೆ ಇಟ್ಟರೆ ಒಳ್ಳೆಯದು. ನಮ್ಮನೆಯವರು ಕೂಡಲೇ ಗಾಳಿಯಾಡದ ಪ್ಲಾಸ್ಟಿಕ್ ಪೆಟ್ಟಿಗೆಯ ಬಗ್ಗೆ, ಬ್ಯಾಂಕಿನ ಲಾಕರಿನ ಬಗ್ಗೆ ಕೇಳತೊಡಗಿದರು.

ವಾಪಸು ಬರುವಾಗ ಟ್ಯೂಬ್ ರೈಲಿನಲ್ಲಿ ಅತ್ತೆ, ನಾನು ಪಕ್ಕಪಕ್ಕ ಕೂತಿದ್ದೆವು. ತಂದೆ-ಮಗಳು ಕಂಬ ಹಿಡಿದು ನಿಂತು ಲಾಕರಿನ ವಾದ ಮಾಡುತ್ತಿದ್ದರು. ಹ್ಯಾಂಪ್‌ಸ್ಟೆಡ್ ಸ್ಟೇಶನ್ ದಾಟಿದ ಮೇಲೆ ನಾನು ಬಾಯಿ ಬಿಟ್ಟೆ.

“ಅತ್ಯಾ, ಒಂದ ಮಾತ ಕೇಳ್ಲೇನ್ರಿ?”

“ಕೇಳು. ಶುಕ್ರವಾರದಿಂದ ಹೊಟ್ಟ್ಯಾಗ ಇಟ್ಕೊಂಡಿ. ಇಲ್ಲದ ಗ್ಯಾಸಿನ ಮ್ಯಾಲೆ ಅನ್ನಾ ಇಟ್ಟಿದ್ದಿ.”

“ಈ ಕೂಸಿನ ಸಲುವಾಗಿ ಆಸ್ಪತ್ರ್ಯಾಗ ಬೇಡ್ಕೊಂಡಿದ್ದೆನಲ್ರಿ. ಅದು ಲಕ್ಷ್ಮಿ ಅಂತ ತಿಳ್ಕೊಂಡು. ಹಂಗಾದ್ರ ಅದನ್ನ ಕೇಳಿದವರ್ಯಾರು?”

ಅತ್ತೆ ಡಬ್ಬಿಯ ಮುಚ್ಚಳ ಗಟ್ಟಿ ಇದೆಯೇ ಎಂದು ಒತ್ತಿ ನೋಡಿದರು.

“ನಮ್ಮ ಓಣ್ಯಾಗ ಹಿಂದಕ್ಕ ಒಬ್ಬ ಟಪಾಲಿನಾಂವ ಇದ್ದ. ಮಂದಿ ಏನರೆ ಬರೀಲಿ. ಮನೀ ನಂಬರ ತಪ್ಪು, ಅಡ್ಡಹೆಸರ ತಪ್ಪು. ಒಬ್ಬಾಂವ ಬರೇ ‘ಬೇವಿನ ಗಿಡದ ಮಗ್ಗಲದ ಅಜ್ಜಿ’ ಅಂತ ಬರದಿದ್ದ. ಆ ಕಾಗದಾನೂ ತಂದ ಕೊಟ್ಟ. ಪತ್ತಾ ತಪ್ಪಾದ್ರ ಏನಾತು, ಅಂವಗ ಓಣಿ ಗೊತ್ತಿತ್ತು.” ಕಂಬ ಹಿಡಿದು ನಿಂತ ಮೊಮ್ಮಗಳ ಕಡೆ ಗದ್ದ ಎತ್ತಿ ತೋರಿಸಿದರು. “ಉತ್ತರ ಅಲ್ಲೇ ನಿಂತದ. ಅಪ್ಪನ ಕೂಡ ಜಗಳಾಡ್ಲಿಕ್ಕತ್ತದ. ಮುಟ್ಟೇದೋ ಇಲ್ಲೋ ಅಂತ ಇನ್ನ ಯಾರನ್ನ ಕೇಳ್ತೀ?”

ನಮ್ಮ ಕೊಲಿಂಡೇಲಿನಲ್ಲಿ ಬ್ಲಾಕು, ಮಹಡಿ, ಫ್ಲ್ಯಾಟು, ಪೋಸ್ಟ್‌ಕೋಡು ಎಲ್ಲ ಸರಿಯಾಗಿ ಬರೆದರೂ ಪಾರ್ಸೆಲ್ಲು ಪಕ್ಕದ ಬ್ಲಾಕಿಗೆ ಹೋಗುತ್ತದೆ. ಹಾಗಿದ್ದ ಮೇಲೆ, ಪೂರ್ತಿ ತಪ್ಪು ವಿಳಾಸಕ್ಕೆ ಹಾಕಿದ ಒಂದು ಬೇಡಿಕೆ ಮುಟ್ಟಿದ್ದು ಎಂಥ ಕೃಪೆ ಎಂದು ಎಣಿಸಲು ಹೋಗಿ ಬಿಟ್ಟುಬಿಟ್ಟೆ. ಅದು ಸಣ್ಣ ಕೃಪೆಗಳ ಪಟ್ಟಿಯಲ್ಲಿ ಹಿಡಿಸುವುದಲ್ಲ.

ಲಾಕರಿನ ವಾದ ಮನೆಗೂ ಬಂತು. ಇನ್ನೊಂದು ಶುಕ್ರವಾರ ಕುಂಕುಮ ಹಚ್ಚಿದರೆ ಅವಳ ಟೊಂಗೆಯೂ ಹೋಗುತ್ತದೆ ಅಂದರು ನಮ್ಮನೆಯವರು. “ಎರಡ ಸಾವಿರ ವರ್ಷ ನಿನ್ನ ಲಾಕರ್ ಇಲ್ಲದ ಬಾಳ್ಯಾಳ,” ಅಂದರು ಅವರ ತಾಯಿ. ತೀರ್ಪು ಕೊಟ್ಟದ್ದು ಮಗಳು. ತಿಕ್ಕುವಂತಿಲ್ಲ, ಹುಣಸೆಹಣ್ಣು ದೀಪಗಳಿಗಷ್ಟೇ. ನಾಣ್ಯವನ್ನು ನೀರಲ್ಲಿ ಅದ್ದಿ ಮೆತ್ತನೆಯ ಬಟ್ಟೆಯ ಮೇಲೆ ಇಡುವುದು. ಕುಂಕುಮವನ್ನು ಬೆರಳಿನಿಂದ ಒತ್ತದೆ ಹೂವಿನ ಎಸಳಿಗೆ ಹಚ್ಚಿ, ಎಸಳನ್ನು ಅವಳ ಮೇಲೆ ಇಡುವುದು. ಅತ್ತೆ ಒಪ್ಪಿದರು. ನಾನೂ ಒಪ್ಪಿದೆ. ಇಷ್ಟು ವರ್ಷದ ಬೆರಳು ಹಾಗೆಲ್ಲ ತೀರ್ಪು ಕೇಳುತ್ತದೆಯೇ ಎಂದು ಯಾರೂ ವಿಚಾರಿಸಲಿಲ್ಲ.

ಗುರುವಾರ ಮತ್ತೆ ಅದೇ ಸಿಂಕು, ಅದೇ ದೀಪಗಳು. ನಮ್ಮನೆಯವರು ಹಿಂದಿನ ರಾತ್ರಿಯ ಡ್ಯೂಟಿ ಮುಗಿಸಿ ಬಂದು, ಪರದೆ ಎಳೆದು, ದಿಂಬಿನೊಳಗೆ ಮುಖ ಹುದುಗಿಸಿ ಬೋರಲು ಮಲಗಿದ್ದರು. ನಾಳೆಯ ತಟ್ಟೆಗೆ ಅತ್ತೆ ಅಕ್ಕಿ ಹರಡುತ್ತಿದ್ದರು. ನಾಣ್ಯವನ್ನು ಕೈಯಲ್ಲಿ ಹಿಡಿದು ನಾನು ಕೇಳಿದೆ: “ಅತ್ಯಾ, ಇಂವ ನಾರಾಯಣ ಅಲ್ಲ ಅಂತ ಆತಲ್ಲ. ಈಗರೆ ಎಬ್ಬಸೂದೇನ್ರಿ?”

ಅವರು ಮಲಗುವ ಕೋಣೆಯ ಕಡೆ ಒಮ್ಮೆ ನೋಡಿದರು. “ಬ್ಯಾಡ ಬಿಡು. ಮಲಕೊಳ್ಳಲಿ. ಅಂವಂದೂ ನೈಟ್ ಡ್ಯೂಟಿ ಇದ್ದೀತು, ಪಾಪ.”

ಚಕ್ರವರ್ತಿಯನ್ನು ಬೋರಲು ಹಾಕಿ, ಅವನ ತಾಯಿಯನ್ನು ಮೇಲೆ ಮಾಡಿ, ಅಕ್ಕಿಯಲ್ಲಿ ಇಟ್ಟೆ. ಕಣ್ಣು ಮೂಗು ಇಲ್ಲದ ಆ ನುಣುಪು ಮುಖ ನೋಡಿದಾಗ ‘ತಾಯಿ’ ಎಂಬ ಮಾತು ತಾನಾಗಿ ಬಂತು. ಈ ಸಲ ತಪ್ಪೂ ಅಲ್ಲವಲ್ಲ.

ಮರುದಿನ ನಸುಕಿಗೆ ಒಲೆಯ ಮೇಲೆ ಕಡಲೆಬೇಳೆ ಕುದಿಯುತ್ತಿತ್ತು. ಎರಡು ಕಾಳು ತೆಗೆದು ಬೆರಳಲ್ಲಿ ಹಿಸುಕಿದೆ, ಬೆಂದಿತ್ತು. ಕಟ್ಟನ್ನು ಸಾರಿಗೆಂದು ಬಸಿದು ಬೇರೆ ಇಟ್ಟು, ಹೋಳಿಗೆಗಲ್ಲದೆ ಐದು ಆರತಿಗೂ ಸಾಕಾಗುವಷ್ಟು ಬೆಲ್ಲ ಜಜ್ಜತೊಡಗಿದೆ.